ಸಿಕ್ಕರಾಯಪುರ: ಜಲ್ಲಿ ಕೊಟ್ಟು ನೀರೂ ಕೊಟ್ಟ ಊರು

ಚೆನ್ನೈನ ಪಶ್ಚಿಮದ ಅಂಚಿನಲ್ಲಿ, ಮಾಂಗಾಡಿಗೂ ಕುಂದ್ರತ್ತೂರಿಗೂ ನಡುವೆ ಸಿಕ್ಕರಾಯಪುರವಿದೆ. ಜಿಲ್ಲೆ ಕಾಂಚೀಪುರ. ಮಾಂಗಾಡಿನಲ್ಲಿ ತಪಸ್ಸಿಗೆ ನಿಂತ ಕಾಮಾಕ್ಷಿಯ ಗುಡಿಯಿದೆ. ಕುಂದ್ರತ್ತೂರು, ಅರವತ್ತುಮೂವರು ಪುರಾತನರ ಕಥೆ ಹೇಳುವ ‘ಪೆರಿಯ ಪುರಾಣ’ದ ಕವಿ ಸೇಕ್ಕಿಳಾರರ ಊರು; ಅಲ್ಲಿನ ಗುಡ್ಡದ ಮೇಲೆ ಮುರುಗನಿದ್ದಾನೆ. ಎರಡೂ ಕಡೆ ಜನವೋ ಜನ. ನಡುವಿನ ಊರಿನಲ್ಲಿ ಇಳಿಯುವವರು ಕಡಿಮೆ.

ಈ ಊರಿನ ಹೆಗ್ಗುರುತು ಇರುವುದು ನೆಲದ ಮಟ್ಟಕ್ಕಿಂತ ಕೆಳಗೆ. ಇಪ್ಪತ್ತಕ್ಕೂ ಹೆಚ್ಚು ಹಳೆಯ ಕಲ್ಲುಕ್ವಾರಿಗಳು ಅಕ್ಕಪಕ್ಕದಲ್ಲೇ ಬಾಯ್ದೆರೆದಿವೆ. ಗೋಡೆಯಂತೆ ನೆಟ್ಟಗೆ ಇಳಿದ ಬಂಡೆ, ಮದ್ದು ತುಂಬಲು ಕೊರೆದ ತೂತುಗಳ ಅರ್ಧ ಕೊಳವೆಯಂಥ ಗುರುತು, ಕೆಳಗೆ ಹಸಿರು ಬಣ್ಣದ ನಿಂತ ನೀರು. ಹಿಂದೆ ನೀರು ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಬಂಡೆಯ ಮೇಲಿನ ಬಿಳಿಗೆರೆಗಳೇ ಹೇಳುತ್ತವೆ.

ಚೆನ್ನೈನ ಈ ಹೊರವಲಯ ಮೊದಲಿನಿಂದಲೂ ಕಲ್ಲಿಗೆ ಹೆಸರಾದದ್ದು. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಪತ್ತೆಮಾಡಿದ್ದು ಇಲ್ಲಿಗೆ ಹತ್ತಿರದ ಪಲ್ಲಾವರದಲ್ಲಿ. ಅದೇ ಫೂಟ್ ಮುಂದೆ ಬಳ್ಳಾರಿಯ ಗುಡ್ಡಗಳನ್ನೂ ಜಾಲಾಡಿದರು. ಕಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್‌ನ ಗೋರಿಗೆ ಹಾಸಿದ ಕಪ್ಪುಗಲ್ಲು ಮದರಾಸಿನ ಈ ಸೀಮೆಯದೇ. ಅವನ ಹೆಸರಿನಿಂದಲೇ ಭೂವಿಜ್ಞಾನಿಗಳು ಆ ಶಿಲೆಯನ್ನು ಚಾರ್ನೊಕೈಟ್ ಎಂದು ಕರೆದರು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಅದೇ ಜಾತಿಯ ಕಲ್ಲಿದೆ. ಶಹರ ಬೆಳೆದಂತೆ ಮನೆಯ ಆರ್‌ಸಿಸಿಗೂ ರಸ್ತೆಗೂ ಜಲ್ಲಿ ಬೇಕಾಯಿತು. ಸುತ್ತಲಿನ ಗುಡ್ಡಗಳು ಕರಗಿ ಗುಂಡಿಗಳಾದವು. ಕೆಲಸ ನಿಂತ ಮೇಲೆ ಕ್ರಷರ್‌ಗಳು ಹೋದವು, ಗುಂಡಿಗಳು ಉಳಿದವು. ಮಳೆನೀರು, ಬಂಡೆಯ ಬಿರುಕಿನಿಂದ ಒಸರುವ ನೀರು ಅವುಗಳಲ್ಲಿ ತುಂಬಿತು.

2016ರಲ್ಲಿ ಹಿಂಗಾರು ಕೈಕೊಟ್ಟಿತು. ಮರುವರ್ಷ ಬೇಸಿಗೆಗೆ ಚೆನ್ನೈನ ಕೆರೆಗಳು ಬತ್ತಿದಾಗ ನಗರಕ್ಕೆ ನೀರು ಪೂರೈಸುವ ಮೆಟ್ರೊವಾಟರ್ ಮಂಡಳಿಯ ಕಣ್ಣು ಈ ಗುಂಡಿಗಳ ಮೇಲೆ ಬಿತ್ತು. ನೀರನ್ನು ಪರೀಕ್ಷಿಸಿ, ಶುದ್ಧೀಕರಿಸಿದರೆ ಕುಡಿಯಲು ಅಡ್ಡಿಯಿಲ್ಲವೆಂದು ಖಚಿತವಾದ ಮೇಲೆ ಪಂಪು ಇಟ್ಟು, ಕೊಳವೆ ಹಾಯಿಸಿ ಚೆಂಬರಂಬಾಕ್ಕಂ ಶುದ್ಧೀಕರಣ ಘಟಕಕ್ಕೆ ದಿನಕ್ಕೆ ಸುಮಾರು 3 ಕೋಟಿ ಲೀಟರ್ ಸಾಗಿಸಿದರು. 2019ರಲ್ಲಿ, ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳ ರೈಲು ಒಂದು ಸಲಕ್ಕೆ 25 ಲಕ್ಷ ಲೀಟರ್ ಹೊತ್ತು ತಂದ ಬರದಲ್ಲೂ, ಈ ಕ್ವಾರಿಗಳು ಮತ್ತೆ ಕೈಹಿಡಿದವು. ಪಕ್ಕದ ಚೆಂಬರಂಬಾಕ್ಕಂ ಕೆರೆ 3.6 ಟಿಎಂಸಿ ಹಿಡಿಯುತ್ತದೆ, ನಿಜ. ಆದರೆ ತುಂಬಿದಾಗಲೂ ಅದರ ಆಳ 24 ಅಡಿ, ಹರವೋ ಬಹಳ. ಬಿಸಿಲು ಅದನ್ನು ಬೇಗ ಕುಡಿಯುತ್ತದೆ. ಕ್ವಾರಿಯ ಬಾಯಿ ಚಿಕ್ಕದು, ಹೊಟ್ಟೆ ಆಳ.

ಹಾಗೆಂದು ಗುಂಡಿ ತಾನಾಗಿಯೇ ಕೆರೆಯಾಗುವುದಿಲ್ಲ. ಕೆರೆಗೆ ಏರಿ, ತೂಬು, ಕೋಡಿ ಇರುತ್ತವೆ. ಹಿಂದೆ ನೀರುಗಂಟಿಯೂ ಇರುತ್ತಿದ್ದ. ಕ್ವಾರಿಗೆ ಇಳಿಯಲು ಮೆಟ್ಟಿಲಿಲ್ಲ, ದಡದಲ್ಲಿ ಆಳ ಕಡಿಮೆಯಿರುವ ಜಾಗವಿಲ್ಲ; ಕಾಲು ಜಾರಿದರೆ ನೇರ ಮಡುವಿಗೇ. ಚೆನ್ನೈ ಸುತ್ತಿನ ಇಂಥ ಗುಂಡಿಗಳಲ್ಲಿ ಈಜಲು ಹೋದ ಹುಡುಗರ ಹೆಣ ಎತ್ತಿದ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಬರಗಾಲದಲ್ಲಿ ಪಂಪು ತರುವ ಸರ್ಕಾರ, ಮಳೆ ಬಂದೊಡನೆ ಬೇಲಿಯನ್ನೂ ಕಾವಲನ್ನೂ ಮರೆತರೆ ನೀರು ಕೆಡುತ್ತದೆ, ಜೀವವೂ ಹೋಗುತ್ತದೆ.

ಕಸ ಸುರಿಯುವವರಿಗೆ ಗುಂಡಿ ಕಂಡರೆ ಸಾಕು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೆಯ ಕ್ವಾರಿಗಳು ಊರ ಕಸದಿಂದ ತುಂಬಿದವು. ಒಮ್ಮೆ ಕಸ ಬಿದ್ದ ಗುಂಡಿಯಿಂದ ಮತ್ತೆ ಕುಡಿಯುವ ನೀರು ಎತ್ತುವುದು ಕನಸಿನ ಮಾತು. ಸಿಕ್ಕರಾಯಪುರಕ್ಕೆ ಆ ಗತಿ ಬರಬಾರದೆಂದರೆ ಮಾಡಬೇಕಾದ ಕೆಲಸಗಳಿವೆ.

ಮಳೆಗಾಲದ ಹೆಚ್ಚುವರಿ ನೀರನ್ನು ಕಾಲುವೆ ಮೂಲಕ ಒಳಗೆ ಬಿಡುವುದು, ಸುತ್ತ ಬೇಲಿ, ಸುರಕ್ಷಿತವಾಗಿ ಇಳಿಯಲು ಒಂದು ಕಡೆ ಮೆಟ್ಟಿಲು, ವರ್ಷವಿಡೀ ನೀರಿನ ಪರೀಕ್ಷೆ, ಊರವರಲ್ಲೇ ಒಬ್ಬರಿಗೆ ಸಂಬಳದ ಕಾವಲು: ಇವು ಯಾವುದೂ ದೊಡ್ಡ ಯೋಜನೆಯಲ್ಲ. ಆದರೆ ಖರ್ಚು ಪ್ರತಿವರ್ಷದ್ದು. ಕಲ್ಲು ತೆಗೆಯಲು ಗುತ್ತಿಗೆ ಕೊಡುವ ದಿನವೇ, ಕಲ್ಲು ಮುಗಿದ ಮೇಲೆ ಗುಂಡಿ ಕಾಯುವವರಿಗೆ ಸಂಬಳ ಯಾರು ಕೊಡಬೇಕೆಂದೂ ಆ ಕರಾರಿನಲ್ಲಿ ಬರೆದಿರಬೇಕು.