ಹೆದ್ದಾರಿಯ ಲೆಕ್ಕ, ಬಾಬಾಸಾಹೇಬರ ಮಾತು



ಸ್ವಲ್ಪ ಉದ್ದದ ಪೋಸ್ಟು. ಪೂರ್ತಿ ಓದಿ.

1949ರ ಮೇ 30. ಸಂವಿಧಾನ ಸಭೆಯಲ್ಲಿ ಸಿಎಜಿ, ಅಂದ್ರೆ ಮಹಾಲೇಖಪಾಲರ ಹುದ್ದೆಯ ಚರ್ಚೆ. ಸಂವಿಧಾನದಲ್ಲಿ ಬಹುಶಃ ಅತಿ ಮುಖ್ಯ ಅಧಿಕಾರಿ ಇವರೇ, ಇವರ ಕೆಲಸ ನ್ಯಾಯಾಂಗದ್ದಕ್ಕಿಂತಲೂ ದೊಡ್ಡದು ಅಂದರು ಬಾಬಾಸಾಹೇಬರು. ಯಾಕೆ? ಸಂಸತ್ತು ಒಪ್ಪಿದ ಮೊತ್ತ ಮೀರದ ಹಾಗೆ, ಒಪ್ಪಿದ ಉದ್ದೇಶ ಬಿಟ್ಟು ಖರ್ಚಾಗದ ಹಾಗೆ ಕಾಯೋರು ಇವರು. ನಾವು ಮೀಸಲಾತಿಯ ಅಂಬೇಡ್ಕರರನ್ನ ನೆನೀತೀವಿ. ರೂಪಾಯಿಯ ಲೆಕ್ಕ ಕೇಳಿದ ಅರ್ಥಶಾಸ್ತ್ರಜ್ಞ ಅಂಬೇಡ್ಕರರನ್ನ ಮರೀತೀವಿ.

ಈಗ ರಸ್ತೆಗೆ ಬರೋಣ. ನಾಗಪುರ ಅಂದ್ರೆ ನಮಗೆ ದೀಕ್ಷಾಭೂಮಿ. ಎಂಜಿನಿಯರುಗಳಿಗೆ 1943ರ ನಾಗಪುರ ಯೋಜನೆ. ಕೃಷಿ ಚೆನ್ನಾಗಿರೋ ಕಡೆ ಯಾವ ಹಳ್ಳಿಯೂ ಮುಖ್ಯರಸ್ತೆಯಿಂದ 5 ಮೈಲಿಗಿಂತ ದೂರ ಇರಬಾರದು ಅನ್ನೋದು ಅದರ ಗುರಿ. ಅಳತೆ ಹಳ್ಳಿವರೆಗೆ. ಹಳ್ಳಿಯಿಂದ ಕೇರಿಗೆ ಎಷ್ಟು ದೂರ ಅಂತ ಯಾರೂ ಅಳೀಲಿಲ್ಲ.

1999ರಲ್ಲಿ ಸುವರ್ಣ ಚತುಷ್ಪಥಕ್ಕೆ ಅಡಿಗಲ್ಲು ಬಿತ್ತು. ಒಟ್ಟು 5,846 ಕಿ.ಮೀ. ನಮ್ಮ ಬೆಳಗಾವಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನ ಹಾದುಹೋಗೋದು ಇದೇ. 2003ರ ಕೊನೆಗೆ ಮುಗೀಬೇಕಿತ್ತು, ಪೂರ್ತಿಯಾಗಿದ್ದು 2012ರಲ್ಲಿ. ಅದೇ 2003ರ ನವೆಂಬರ್ 27ರಂದು ಗಯಾದಲ್ಲಿ ಎಂಜಿನಿಯರ್ ಸತ್ಯೇಂದ್ರ ದುಬೆಯವರನ್ನ ಗುಂಡಿಟ್ಟು ಕೊಂದರು. ಈ ಕಾಮಗಾರಿಯ ಅವ್ಯವಹಾರದ ಬಗ್ಗೆ ಅವರು ಹಿಂದಿನ ವರ್ಷ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. ಹೆಸರು ಗುಟ್ಟಾಗಿಡಿ ಅಂತ ಕೇಳಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸುತ್ತಾಡ್ತು. ತನಿಖೆ ಇದು ದರೋಡೆ ಅಂತು, 2010ರಲ್ಲಿ ಮೂವರಿಗೆ ಜೀವಾವಧಿ ಆಯ್ತು. ಅವ್ಯವಹಾರ ಬಯಲು ಮಾಡೋರ ರಕ್ಷಣೆಗೆ 2014ರಲ್ಲಿ ಕಾಯ್ದೆ ಬಂತು, ಆದ್ರೆ ಜಾರಿಗೆ ಬರಲೇ ಇಲ್ಲ.

2017ರಲ್ಲಿ ಭಾರತಮಾಲಾ. 34,800 ಕಿ.ಮೀ., 5.35 ಲಕ್ಷ ಕೋಟಿ, ಗಡುವು 2022ರ ಸೆಪ್ಟೆಂಬರ್. ಗಡುವು ದಾಟಿ 2023ರ ಮಾರ್ಚ್ ಬಂದಾಗ ಮುಗಿದದ್ದು 13,499 ಕಿ.ಮೀ. ಸಿಎಜಿ ವರದಿ ಅದೇ ಆಗಸ್ಟಿನಲ್ಲಿ ಬಂತು: ಕಿ.ಮೀ.ಗೆ ಸಂಪುಟ ಸಮಿತಿ ಒಪ್ಪಿದ್ದು 15.37 ಕೋಟಿ, ಮಂಜೂರಾದದ್ದು 32.17 ಕೋಟಿ. ದ್ವಾರಕಾ ಎಕ್ಸ್‌ಪ್ರೆಸ್‌ವೇಯಲ್ಲಿ 18.20 ಕೋಟಿ ಹೋಗಿ 250.77 ಕೋಟಿ. ಸುರಂಗ, ಮೇಲ್ಸೇತುವೆ ಇದ್ದಿದ್ದರಿಂದ ಈ ಹೋಲಿಕೆಯೇ ತಪ್ಪು ಅಂತ ಸಚಿವಾಲಯ ಹೇಳ್ತು. ಇರಲಿ. ಆದ್ರೆ ಸರಿಯಾದ ಯೋಜನಾ ವರದಿ ಇಲ್ಲದೆ, ಬೇಕಾದಷ್ಟು ಜಮೀನು ಕೈಗೆ ಬರದೆ ಗುತ್ತಿಗೆ ಕೊಟ್ಟಿದ್ದನ್ನೂ ವರದಿ ಎತ್ತಿ ತೋರಿಸಿದೆ. ತಡವಾಗೋದು ಅಲ್ಲಿಂದಲೇ.

ಆದ್ರೂ ದೂರು ಬರೋದು ಯಾರ ಮೇಲೆ? ಜಮೀನು ಬಿಡದ ರೈತನ ಮೇಲೆ. 1997ರ ತಿದ್ದುಪಡಿ ಹೆದ್ದಾರಿಗೆ ಹೋದ ಜಮೀನಿಗೆ ಸೊಲೇಷಿಯಂ, ಬಡ್ಡಿ ಎರಡನ್ನೂ ತಪ್ಪಿಸ್ತು. ಬೇರೆ ಕೆಲಸಕ್ಕೆ ಜಮೀನು ಕೊಟ್ಟವರಿಗೆ ಅವು ಸಿಗ್ತಿದ್ದವು. ಇದು ಸಮಾನತೆಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳೋಕೆ 2019 ಆಗ್ಬೇಕಾಯ್ತು. ಅದೂ ಪಹಣಿ ಇದ್ದವರ ಕಥೆ. ನಮ್ಮವರಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿದೆ? ಬಗರ್‌ಹುಕುಂ ಸಾಗುವಳಿದಾರ ಪರಿಹಾರದ ಸಾಲಲ್ಲಿ ನಿಲ್ಲೋಕೇ ಹೆಣಗಬೇಕು.

ಇದು ದೆಹಲಿಯ ಲೆಕ್ಕ, ನಮಗೇನು ಅನ್ನಬೇಡಿ. ನಮ್ಮ ರಾಜ್ಯದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ 7ಡಿ ನೆನಪಿದೆಯಲ್ಲ? ಎಲ್ಲರೂ ಬಳಸೋ ಕಾಮಗಾರಿಯ ಖರ್ಚಲ್ಲಿ ಒಂದು ಪಾಲನ್ನ ದಲಿತರಿಗೇ ಖರ್ಚಾಯ್ತು ಅಂತ ಬರ್ಕೊಳ್ಳೋಕೆ ಅದು ದಾರಿ ಮಾಡಿತ್ತು. 2023ರಲ್ಲಿ ಅದು ರದ್ದಾಯ್ತು ಅಂದ್ರೆ, ನಮ್ಮವರು ಬಜೆಟ್ ಪುಸ್ತಕ ಬಿಡಿಸಿ ಸಾಲು ಸಾಲಾಗಿ ಪ್ರಶ್ನೆ ಕೇಳಿದ್ದಕ್ಕೆ.

ಲೆಕ್ಕ ಓದೋದೂ ಹೋರಾಟವೇ. ನಿಮ್ಮೂರಿನ ಪಕ್ಕ ಹೆದ್ದಾರಿ ಬರ್ತಿದ್ರೆ ಯೋಜನಾ ವರದಿ, ಭೂಸ್ವಾಧೀನದ ಅಧಿಸೂಚನೆ, ಪರಿಹಾರದ ಪಟ್ಟಿ ಮೂರನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಒಬ್ಬರೇ ಹಾಕಬೇಡಿ, ಹತ್ತು ಜನ ಸೇರಿ ಹಾಕಿ. ದುಬೆಯವರು ಆ ಪತ್ರ ಬರೆದದ್ದು ಒಬ್ಬರೇ.

ಜೈಭೀಮ್.