ಮುಂದಿನ ಬ್ರೇಕಿನ ಹಿಂದಿನ ಕಥೆ

ಮೋಟಾರ್ ಸೈಕಲ್ಲಿನ ಬಲಗೈ ಹಿಡಿಯ ಮುಂದೆ ಒಂದು ಲಿವರ್ ಇದೆ. ಬೆರಳು ಚಾಚಿದರೆ ಸಿಗುವ ಈ ಲಿವರನ್ನು ನಮ್ಮಲ್ಲಿ ಅನೇಕರು ಮುಟ್ಟಲು ಅಂಜುತ್ತಾರೆ. 'ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ' ಎಂಬುದು ಗಾಡಿ ಕಲಿಸುವವರ ಬಾಯಲ್ಲಿ ಆಗಾಗ ಕೇಳಿಬರುವ ಮಾತು. ಭೌತಶಾಸ್ತ್ರ ಹೇಳುವುದೇ ಬೇರೆ. ಓಡುವ ಗಾಡಿಯನ್ನು ತಡೆದಾಗ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರ ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಒಣ ರಸ್ತೆಯಲ್ಲಿ ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ಶೇಕಡಾ 70ರಷ್ಟು ಪಾಲು ಮುಂದಿನ ಬ್ರೇಕಿನದೇ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಉತ್ತರ ಹುಡುಕಲು ಬ್ರೇಕಿನ ಚರಿತ್ರೆಯನ್ನೇ ತಿರುವಿ ಹಾಕಬೇಕು.

ಸೈಕಲ್ಲಿನಿಂದ ಬಂದ ಬಳುವಳಿ

ಮೊದಲ ಮೋಟಾರ್ ಸೈಕಲ್ಲುಗಳು ಎಂಜಿನ್ ಕಟ್ಟಿಕೊಂಡ ಸೈಕಲ್ಲುಗಳೇ ಆಗಿದ್ದವು. ಬ್ರೇಕೂ ಸೈಕಲ್ಲಿನದೇ, ಚಕ್ರದ ರಿಮ್ಮಿಗೆ ಒಂದು ತುಂಡು ಒತ್ತಿ ನಿಂತರೆ ಮುಗಿಯಿತು. ಎಂಜಿನ್ನಿನ ಶಕ್ತಿ ಏರಿದಂತೆ ಇದು ಸಾಲದಾಯಿತು.

1902 ಬ್ರೇಕಿನ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕಿಗೆ ರೂಪ ಕೊಟ್ಟದ್ದು ಆಗಲೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದೂ ಅದೇ ವರ್ಷ. ಆದರೆ ಲೋಹಕ್ಕೆ ಲೋಹ ಉಜ್ಜುವ ಡಿಸ್ಕ್ ಕಿರುಚುತ್ತಿತ್ತು, ಬೇಗ ಸವೆಯುತ್ತಿತ್ತು. ಡ್ರಮ್ ಗೆದ್ದಿತು. 1920ರ ದಶಕದಲ್ಲಿ ಮೋಟಾರ್ ಸೈಕಲ್ಲುಗಳಿಗೂ ಅದು ಸಾಮಾನ್ಯವಾಯಿತು.

ಡ್ರಮ್ಮಿನ ಉಪಾಯ ಸರಳ. ಚಕ್ರದ ನಡುವಿನ ಡಬ್ಬಿಯೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಕೇಬಲ್ ಎಳೆದಾಗ ಅವು ಅಗಲಿ ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ದೋಷವೂ ಅಲ್ಲೇ ಇದೆ. ಘಾಟಿ ಇಳಿಯುವಾಗ ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಒಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲ. ನೀರು ನುಗ್ಗಿದರೆ ಒಣಗುವುದೂ ನಿಧಾನ. ಇಂಥ ಬ್ರೇಕನ್ನು ನಂಬುವುದಕ್ಕಿಂತ ಹಿಂದಿನ ಬ್ರೇಕನ್ನು ತುಳಿಯುವುದೇ ಸವಾರನ ಅಭ್ಯಾಸವಾದರೆ ಆಶ್ಚರ್ಯವಿಲ್ಲ.

ಯಾದವಗಿರಿಯ ಪಾಠ

ನಮ್ಮ ನಾಡಿನ ಮಟ್ಟಿಗೆ ಈ ಕಥೆ ಮೈಸೂರಿನ ಯಾದವಗಿರಿಯಲ್ಲಿ ತಿರುವು ಪಡೆಯುತ್ತದೆ. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ತಂತ್ರಜ್ಞಾನ ಪಡೆದು ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸತೊಡಗಿತು. ಜಾವಾ ಮುಂದೆ ಯಜ್ದಿಯಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆದರೆ ಗಾಡಿಗಳು ಮುಚ್ಚಲಿಲ್ಲ. ಪ್ರತಿವರ್ಷ ಜುಲೈ ಎರಡನೆಯ ಭಾನುವಾರ ಅವುಗಳ ಅಭಿಮಾನಿಗಳು ಸೇರಿ ದಿನಾಚರಣೆಯನ್ನೇ ಮಾಡುತ್ತಾರೆ.

ಕಾರ್ಖಾನೆ ಇಲ್ಲದ ಗಾಡಿ ಇಷ್ಟು ವರ್ಷ ಬದುಕಿದ್ದು ಹೇಗೆ? ಅದನ್ನು ಬಿಚ್ಚಿ ಜೋಡಿಸುವ ವಿದ್ಯೆ ಕಾರ್ಖಾನೆಯ ಗೋಡೆ ದಾಟಿ ಮನೆಯಂಗಳಕ್ಕೆ ಬಂದದ್ದರಿಂದ. ಬ್ರೇಕ್ ಶೂ ಬದಲಿಸುವ ಕೆಲಸವನ್ನೇ ನೋಡಿ. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಕೇಬಲ್ ಕಳಚಿ, ಆಕ್ಸಲ್ ಎಳೆದರೆ ಮುಂದಿನ ಚಕ್ರ ಕೈಗೆ ಬರುತ್ತದೆ. ಸ್ಪ್ರಿಂಗ್ ಸಮೇತ ಶೂಗಳನ್ನು ಪುಸ್ತಕದಂತೆ ಮಡಚಿ ತೆಗೆಯಬೇಕು. ಹೊಸದನ್ನು ಹಾಗೆಯೇ ಕೂರಿಸಬೇಕು. ಶೂ ಅಗಲಿಸುವ ಕ್ಯಾಮಿಗೆ ತೆಳುವಾಗಿ ಗ್ರೀಸ್ ಹಚ್ಚಬೇಕು. ಲೈನಿಂಗಿಗೆ ಅದರ ಸೋಂಕೂ ತಗಲಬಾರದು. ಆಕ್ಸಲ್ ಬಿಗಿಮಾಡುವಾಗ ಬ್ರೇಕ್ ಲಿವರ್ ಹಿಡಿದುಕೊಂಡರೆ ಶೂಗಳು ತಾವಾಗಿ ನಡುವಿಗೆ ಬಂದು ಕೂರುತ್ತವೆ. ಕೊನೆಗೆ, ಚಕ್ರ ತಡೆಯಿಲ್ಲದೆ ತಿರುಗುವಷ್ಟು ಕೇಬಲ್ ಸಡಿಲವಿರಬೇಕು. ಇಷ್ಟಕ್ಕೆ ಬೇಕಾದದ್ದು ನಾಲ್ಕಾರು ಸ್ಪ್ಯಾನರ್, ಒಂದು ಸ್ಕ್ರೂ ಡ್ರೈವರ್ ಮತ್ತು ಒಂದು ಬಿಡುವಿನ ಬೆಳಗು.

ಈ ಮನೆವಿದ್ಯೆಯಲ್ಲಿ ಒಂದು ಅಪಾಯವೂ ಅಡಗಿತ್ತು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಪುಡಿಯನ್ನು ಬಾಯಿಂದ ಊದಿ ಹಾರಿಸಿದರೆ ಅದರ ಎಳೆಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಹಳೆಯ ಗಾಡಿ ಬಿಚ್ಚುವವರು ಈಗಲೂ ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಡಿಸ್ಕ್ ಬಂದ ಮೇಲೆ

ಲ್ಯಾಂಚೆಸ್ಟರ್ ಕನಸು ಫಲಿಸಲು ಅರ್ಧ ಶತಮಾನ ಬೇಕಾಯಿತು. 1953ರಲ್ಲಿ ಡಿಸ್ಕ್ ಬ್ರೇಕ್ ಹೊಂದಿದ್ದ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ರೇಸ್ ಗೆದ್ದಾಗ ಜಗತ್ತು ಕಣ್ಣು ತೆರೆಯಿತು. 1969ರಲ್ಲಿ ಜಪಾನಿನ ಹೋಂಡಾ ತನ್ನ ಸಿಬಿ 750 ಗಾಡಿಯ ಮುಂದಿನ ಚಕ್ರಕ್ಕೆ ದ್ರವದ ಒತ್ತಡದಿಂದ ನಡೆಯುವ ಡಿಸ್ಕ್ ಅಳವಡಿಸಿತು. ಗಾಳಿಗೆ ತೆರೆದ ಡಿಸ್ಕ್ ಬೇಗ ತಣಿಯುತ್ತದೆ, ನೀರನ್ನು ಕೊಡವಿಕೊಳ್ಳುತ್ತದೆ.

ಭಾರತಕ್ಕೆ ಇದು ತಡವಾಗಿ ಬಂತು. 1983ರಲ್ಲಿ ಯಮಹಾದ ಪ್ರಸಿದ್ಧ ಆರ್‌ಡಿ 350 ಇಲ್ಲಿ ರಾಜದೂತ್ ಹೆಸರಿನಲ್ಲಿ ಬಂದಾಗ ಮೂಲ ಗಾಡಿಯ ಡಿಸ್ಕ್ ಹೋಗಿ ಡ್ರಮ್ ಬಂದಿತ್ತು. ವೇಗ ಆಮದಾಯಿತು, ತಡೆ ಆಮದಾಗಲಿಲ್ಲ! 1999ರ ಹೀರೋ ಹೋಂಡಾ ಸಿಬಿಝಡ್ ನಂತರವೇ ಮುಂದಿನ ಡಿಸ್ಕ್ ಜನಸಾಮಾನ್ಯರ ಕಣ್ಣಿಗೆ ಬೀಳತೊಡಗಿದ್ದು.

ಡ್ರಮ್ಮಿಗೆ ಒಗ್ಗಿದ ಕೈ ಡಿಸ್ಕನ್ನೂ ಅದೇ ಬಲದಿಂದ ಹಿಂಡಿದರೆ ಚಕ್ರ ಗಕ್ಕನೆ ಕಚ್ಚಿಕೊಳ್ಳಬಹುದು. ಕಚ್ಚಿಕೊಂಡ ಮುಂದಿನ ಚಕ್ರ ಮರಳು, ಜಲ್ಲಿಯ ಮೇಲೆ ಜಾರಿದರೆ ಸವಾರ ನೆಲಕ್ಕೆ. ಪಲ್ಟಿಯ ಭಯಕ್ಕೆ ಆಧಾರ ಇಷ್ಟೇ. ತಪ್ಪು ಬ್ರೇಕಿನದಲ್ಲ, ಚಕ್ರ ಕಚ್ಚಿಕೊಳ್ಳುವುದರದು. ಅದನ್ನು ತಡೆಯುವ ಎಬಿಎಸ್ ಸಾಧನವನ್ನು ಬಿಎಂಡಬ್ಲ್ಯು ಕಂಪನಿ 1988ರಲ್ಲಿ ಮೋಟಾರ್ ಸೈಕಲ್ಲಿಗೆ ತಂದಿತು. ಭಾರತದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಅದು ಕಡ್ಡಾಯವಾಯಿತು. 2018ರಲ್ಲಿ ಹೊಸ ರೂಪದಲ್ಲಿ ಮರಳಿದ ಜಾವಾದ ಮುಂದಿನ ಚಕ್ರದಲ್ಲೂ ಡಿಸ್ಕ್ ಮತ್ತು ಎಬಿಎಸ್ ಇದ್ದವು.

ಮನೆಯವನ ಕೈಯಲ್ಲಿ ಇನ್ನೂ ಇದೆ

ಹಾಗೆಂದು ಮನೆಯಂಗಳದ ವಿದ್ಯೆಗೆ ತಿಲಾಂಜಲಿ ಇಡಬೇಕೆ? ಬೇಕಿಲ್ಲ. ಡಿಸ್ಕಿನ ಪ್ಯಾಡ್ ಬದಲಿಸಲು ಬಹುಪಾಲು ಗಾಡಿಗಳಲ್ಲಿ ಚಕ್ರವನ್ನೂ ಬಿಚ್ಚಬೇಕಾಗಿಲ್ಲ. ಕ್ಯಾಲಿಪರಿನ ಬೋಲ್ಟ್ ತೆಗೆದು, ಪಿನ್ ಎಳೆದರೆ ಸವೆದ ಪ್ಯಾಡ್ ಹೊರಬರುತ್ತದೆ. ಹೊಸ ಪ್ಯಾಡ್ ದಪ್ಪವಾದ್ದರಿಂದ ಪಿಸ್ಟನ್ನನ್ನು ಮೆಲ್ಲಗೆ ಹಿಂದಕ್ಕೆ ತಳ್ಳಬೇಕು. ಆಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ದ್ರವ ಉಕ್ಕದಂತೆ ನೋಡಿಕೊಳ್ಳಬೇಕು. ಅದು ಚೆಲ್ಲಿದರೆ ಬಣ್ಣವನ್ನೇ ಕಿತ್ತುಬಿಡುತ್ತದೆ. ಈ ದ್ರವ ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ದ್ರವ ಬಿಸಿಗೆ ಬೇಗ ಕುದಿಯುತ್ತದೆ. ಆದ್ದರಿಂದ ಕಾಲಕಾಲಕ್ಕೆ ಬದಲಿಸಲೇಬೇಕು. ದ್ರವದ ಕೊಳವೆಯನ್ನೇ ಬಿಚ್ಚುವ ಕೆಲಸವಿದ್ದರೆ, ಅದರಲ್ಲೂ ಎಬಿಎಸ್ ಗಾಡಿಯಲ್ಲಿ, ಮೆಕ್ಯಾನಿಕ್ಕನ ಬಳಿಗೆ ಹೋಗುವುದೇ ಜಾಣತನ.

ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಯದು. ಪ್ಯಾಡ್ ಹಾಕಿದ ಮೇಲೆ ಗಾಡಿ ಕದಲಿಸುವ ಮೊದಲು ಲಿವರನ್ನು ಹಲವು ಸಲ ಒತ್ತಿ ಬಿಡಬೇಕು. ಹಿಂದೆ ಸರಿದ ಪಿಸ್ಟನ್ ಪ್ಯಾಡನ್ನು ಮುಟ್ಟುವವರೆಗೂ ಲಿವರ್ ಖಾಲಿಯಾಗಿಯೇ ಹೋಗುತ್ತದೆ. ಇದನ್ನು ಮರೆತು ಹೊರಟವನಿಗೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ. ಮೊದಲ ಕೆಲವು ಕಿಲೋಮೀಟರುಗಳೂ ನಿಧಾನವಾಗಿಯೇ ಸಾಗಲಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕು.

ಬಲಗೈಯ ಲಿವರಿನ ಹಿಂದೆ ಏನಿದೆ ಎಂದು ಒಮ್ಮೆ ಬಿಚ್ಚಿ ನೋಡಿದವನಿಗೆ ಅದನ್ನು ಹಿಡಿಯಲು ಭಯವಿರುವುದಿಲ್ಲ. ಎಷ್ಟು ಹಿಡಿಯಬೇಕೆಂಬ ಅಳತೆಯೂ ಕೈಗೆ ಬರುತ್ತದೆ.