ಹಾಲೆಂಡಿನ ಹೊಲದ ಹೂ, ಮಲಬಾರಿನ ಗರುಗ

ವಸಂತ ಬಂತೆಂದರೆ ನೆದರ್ಲೆಂಡಿನ ಕಾಲುವೆಯ ದಂಡೆಗಳು ‘ಪಾರ್ಡನ್‌ಬ್ಲೂಮ್’ ಹೂಗಳಿಂದ ಹಳದಿಯಾಗುತ್ತವೆ. ಹುಲ್ಲಿನ ನಡುವೆ ಬಿಳಿಯ ‘ಮಾಡೆಲೀಫ್ಯೆ’ ಅರಳುತ್ತದೆ. ನಾವು ಒಂದೊಂದು ಹೂವೆಂದು ಎಣಿಸುವ ಇವು ವಾಸ್ತವವಾಗಿ ಹಲವು ಕಿರುಹೂಗಳ ಸಮೂಹ. ನಮ್ಮ ಸೇವಂತಿಗೆ, ಚೆಂಡುಹೂಗಳ ಕುಲಕ್ಕೇ ಸೇರಿದವು. ಈ ರಚನೆಗೆ ಪುಷ್ಪಶೀರ್ಷವೆಂದು ಹೆಸರು.

ಇದನ್ನು ಬಿಡಿಸಿ ನೋಡುವ ವಿದ್ಯೆಗೆ ಈ ನಾಡಿನ ಅಚ್ಚುಕೂಟಗಳು ಬಹಳವಾಗಿ ನೆರವಾದವು. ಹೂವಿನ ರಚನೆಯನ್ನು ಕುರಿತು ಪ್ಯಾರಿಸಿನ ಸೆಬಾಸ್ಟಿಯನ್ ವೈಯಾಂ ಮಾಡಿದ ಉಪನ್ಯಾಸವು 1718ರಲ್ಲಿ ಲೈಡನ್ನಿನಲ್ಲಿ ಮುದ್ರಣಗೊಂಡಿತು. 1735ರಲ್ಲಿ ಇಲ್ಲಿಗೆ ಬಂದ ಸ್ವೀಡನ್ನಿನ ಲಿನೀಯಸ್ ಅದೇ ವರ್ಷ ಲೈಡನ್ನಿನಲ್ಲಿ ‘ಸಿಸ್ಟಮಾ ನ್ಯಾಚುರೇ’ ಪ್ರಕಟಿಸಿದನು. ಕೇಸರಗಳನ್ನು ಆಧಾರವಾಗಿಟ್ಟುಕೊಂಡು ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿ, ಪರಾಗಕೋಶಗಳು ಕೊಳವೆಯಂತೆ ಬೆಸೆದುಕೊಂಡಿರುವ ಈ ಕುಲವನ್ನು 19ನೆಯ ವರ್ಗದಲ್ಲಿರಿಸಿದನು.

ಇಂದಿಗೂ ಗುರುತಿಸುವ ಕ್ರಮ ಸರಳ. ಪಾರ್ಡನ್‌ಬ್ಲೂಮಿನಲ್ಲಿ ಎಲ್ಲವೂ ಪಟ್ಟಿಯಂತಹ ಕಿರುಹೂಗಳು. ಎಲೆಯಿಲ್ಲದ ಟೊಳ್ಳು ದಂಟಿನ ಮೇಲೆ ಒಂದೇ ಶೀರ್ಷ. ಮುಳ್ಳುಗಿಡದ ‘ಡಿಸ್ಟಲ್’ನಲ್ಲಿ ಎಲ್ಲವೂ ಕೊಳವೆಗಳು. ಮಾಡೆಲೀಫ್ಯೆಯಲ್ಲಿ ನಡುವೆ ಹಳದಿ ಕೊಳವೆಗಳು, ಅಂಚಿನಲ್ಲಿ ಬಿಳಿ ಪಟ್ಟಿಗಳು. ಒಂದರಂತೆ ಇನ್ನೊಂದು ಕಾಣುವ ಎರಡು ‘ಕಾಮಿಲ್ಲೆ’ಗಳನ್ನು ಬೇರ್ಪಡಿಸಲು ಶೀರ್ಷವನ್ನು ಉದ್ದಕ್ಕೆ ಸೀಳಬೇಕು: ಚಹಾಕ್ಕೆ ಬಳಸುವುದರ ಒಳಪೀಠ ಟೊಳ್ಳು, ಗಂಧವಿಲ್ಲದ್ದರದು ಗಟ್ಟಿ.

ಇದೇ ನಾಡಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಗಿಡಗಳೂ ಗ್ರಂಥಸ್ಥವಾದವು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ‘ಹೊರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದಿತು. ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅವರ ತಿಳಿವು ಇದರ ಬೆನ್ನೆಲುಬು. ಮುಂದೆ ಲಿನೀಯಸನೂ ಈ ಗ್ರಂಥವನ್ನು ಆಧರಿಸಿದನು. ಗದ್ದೆಯ ಬದುಗಳಲ್ಲಿ ಬೆಳೆಯುವ, ಅಜ್ಜಿಯರು ತಲೆಗೂದಲಿನ ಎಣ್ಣೆಗೆ ಹಾಕುತ್ತಿದ್ದ ನಮ್ಮ ಗರುಗವೂ ‘ಕಯ್ಯೋನ್ನಿ’ ಎಂಬ ಮಲಯಾಳಂ ಹೆಸರಿನಲ್ಲಿ ಅಲ್ಲಿದೆ. ಅದರ ಪುಟ್ಟ ಬಿಳಿ ಹೂವೂ ಪುಷ್ಪಶೀರ್ಷವೇ.

ಆ ಗ್ರಂಥದಲ್ಲಿ ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಿವೆ, ಕನ್ನಡವಿಲ್ಲ. ‘ಗರುಗ’ ಎಂಬ ಮಾತು ಉಳಿದು ಬಂದದ್ದು ಮನೆಯವರ ಬಾಯಲ್ಲಿ. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಪಾರ್ಡನ್‌ಬ್ಲೂಮ್ ಗೊತ್ತು, ಗರುಗ ಗೊತ್ತಿಲ್ಲ. ಈ ವಸಂತದಲ್ಲಿ ಒಂದು ಹೂವನ್ನು ಅವರ ಅಂಗೈಯಲ್ಲಿಟ್ಟು ಬಿಡಿಸಿ ತೋರಿಸೋಣ. ಊರಿಗೆ ಹೋದಾಗ ಅದರ ದಾಯಾದಿಯನ್ನು ಗದ್ದೆಯ ಬದುವಿನಲ್ಲಿ ಹುಡುಕೋಣ. ಒಂದನ್ನು ಬಲ್ಲವರಿಗೆ ಇನ್ನೊಂದು ಅಪರಿಚಿತವಲ್ಲ.